ಹಾಡು ಅವರದ್ದು, ಹೆಸರು ಇವರದ್ದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಒಬ್ಬರು ಹಾಡಿದ ಹಾಡನ್ನು ಆಮೇಲೆ ಇನ್ನೊಬ್ಬರು ಹಾಡಿ, ಎರಡನೆಯವರದ್ದೇ ಊರೆಲ್ಲ ಹಬ್ಬುತ್ತದಲ್ಲ, ಅದು ಹೇಗೆ ಅಂತ. ಗಣಪತಿ ಹಬ್ಬದ ಆರ್ಕೆಸ್ಟ್ರಾ ಮುಗಿದ ಮೇಲೆ ಹುಬ್ಬಳ್ಳಿಯ ಚಹಾ ಅಂಗಡಿಗಳಲ್ಲಿ ಈ ಜಗಳ ಪ್ರತಿ ವರ್ಷ ಇದ್ದದ್ದೇ. ಹಾಗಾಗಿ ಬೇರೆ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ಕಾಲೇಜಿನ ಗ್ಯಾದರಿಂಗ್‌ನಲ್ಲಿ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡಿದೆ. ವಿಟ್ನಿ ಹ್ಯೂಸ್ಟನ್ ಹಾಡು ಅಂತ ಅನೌನ್ಸ್ ಮಾಡಿಸಿದ್ದೆ. ಸ್ಟೇಜಿನಿಂದ ಇಳಿದ ಮೇಲೆ ಜಡ್ಜ್ ಒಬ್ಬರು ಎಲ್ಲರ ಮುಂದೆ ‘ಅದು ಆಕೀ ಹಾಡಲ್ಲವ್ವಾ’ ಅಂದುಬಿಟ್ಟರು. ಮಾರ್ಕ್ಸ್ ಹೋದದ್ದಕ್ಕಿಂತ ಮಾನ ಹೋದದ್ದೇ ಜಾಸ್ತಿ. ಯಾರು ಸರಿ? (ವಿದ್ಯಾನಗರ, ಹುಬ್ಬಳ್ಳಿ)

ಜಡ್ಜ್ ಸರಿ ತಂಗಿ. ಆದರೆ ನಿನ್ನದೂ ತಪ್ಪಲ್ಲ, ಜಗತ್ತಿನ ಮುಕ್ಕಾಲು ಜನ ಹಾಗೇ ಅಂದುಕೊಂಡಿದ್ದಾರೆ. ಹಾಡು ಬರೆದದ್ದೂ ಮೊದಲು ಹಾಡಿದ್ದೂ ಅಮೆರಿಕದ ಗಾಯಕಿ ಡಾಲಿ ಪಾರ್ಟನ್. 1973ರಲ್ಲಿ ಬರೆದರು, 1974ರಲ್ಲಿ ರೆಕಾರ್ಡ್ ಹೊರಬಂತು. ಪ್ರಿಯಕರನಿಗೆ ಬರೆದದ್ದೂ ಅಲ್ಲ. ಪೋರ್ಟರ್ ವ್ಯಾಗನರ್ ಅನ್ನುವವರ ಟಿವಿ ಕಾರ್ಯಕ್ರಮದಲ್ಲಿ ಜೊತೆಗೆ ಹಾಡುತ್ತಿದ್ದ ಡಾಲಿಗೆ ಅಲ್ಲಿಂದ ಬಿಟ್ಟು ಸ್ವಂತ ದಾರಿ ಹಿಡಿಯಬೇಕಿತ್ತು. ಬಾಯಿಬಿಟ್ಟು ಹೇಳೋಕೆ ಆಗದೆ ಹಾಡು ಬರೆದು ಅವರ ಮುಂದೆ ಹಾಡಿದರು. ನಮ್ಮ ಕಡೆ ನಾಟಕ ಕಂಪನಿ ಬಿಟ್ಟು ಹೊರಡುವ ನಟ ಮಾಲಕರ ಕಾಲಿಗೆ ನಮಸ್ಕಾರ ಮಾಡಿ ಬರುತ್ತಿದ್ದನಲ್ಲ, ಹಾಗೆ. ಡಾಲಿ ಹಾಡಿದ್ದನ್ನು ಒಮ್ಮೆ ಕೇಳು, ಮೆಲ್ಲಗೆ, ಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ ಹಾಗಿದೆ.

1992ರಲ್ಲಿ ‘ದಿ ಬಾಡಿಗಾರ್ಡ್’ ಸಿನಿಮಾಕ್ಕೆ ವಿಟ್ನಿ ಹಾಡಿದಾಗ ಆ ಹೊಸ್ತಿಲೇ ಹೋಯಿತು. ಶುರುವಿನಲ್ಲಿ ವಾದ್ಯವೇ ಇಲ್ಲ, ಬರೀ ಗಂಟಲು. ಕೊನೆಗೆ ಬರುವಾಗ ಒಂದು ಕ್ಷಣ ಎಲ್ಲ ನಿಂತುಹೋಗುತ್ತದೆ, ಡ್ರಮ್ಮಿನ ಒಂದೇ ಒಂದು ಪೆಟ್ಟು, ಆಮೇಲೆ ಶ್ರುತಿಯೇ ಮೇಲೇರಿ ಆಕೆ ಪೂರ್ತಿ ದನಿ ಬಿಡುತ್ತಾಳೆ. ನೀನೂ ಅಲ್ಲೇ ತಾನೇ ಉಸಿರು ಕಟ್ಟಿದ್ದು? ಎಲ್ಲರೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು ಈ ಹಾಡು.

ಇದರಲ್ಲಿ ನನಗೆ ಇಷ್ಟವಾದ ಭಾಗ ದುಡ್ಡಿನದ್ದು. ವಿಟ್ನಿಗಿಂತ ಎಷ್ಟೋ ಮೊದಲು ಎಲ್ವಿಸ್ ಪ್ರೀಸ್ಲಿ ಈ ಹಾಡನ್ನು ಹಾಡಬೇಕು ಅಂದಿದ್ದರು. ಎಲ್ವಿಸ್ ಅಂದರೆ ಆಗ ಸಾಮಾನ್ಯ ಮಾತಲ್ಲ. ಆದರೆ ಅವರ ಮ್ಯಾನೇಜರ್ ಹಾಡಿನ ಹಕ್ಕಿನಲ್ಲಿ ಅರ್ಧ ಪಾಲು ಬರೆದುಕೊಡಿ ಅಂದರು. ಡಾಲಿ ಒಲ್ಲೆ ಅಂದರು, ಅಂದು ರಾತ್ರಿಯೆಲ್ಲ ಅತ್ತೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಹಟದಿಂದಲೇ ವಿಟ್ನಿಯ ದಾಖಲೆ ಮಾರಾಟದಲ್ಲಿ ಹಾಡು ಬರೆದವರ ಪಾಲು ಪೂರ್ತಿ ಡಾಲಿಯ ಮನೆಗೇ ಬಂತು.

ಇನ್ನೊಂದು ಹೇಳಿಬಿಡುತ್ತೇನೆ. ‘ರೆಸ್ಪೆಕ್ಟ್’ ಹಾಡನ್ನು 1965ರಲ್ಲಿ ಮೊದಲು ಹಾಡಿದ್ದು ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್, ಬರೆದದ್ದೂ ಅವರೇ. ದುಡಿದು ಮನೆಗೆ ಬಂದ ಗಂಡ ಹೆಂಡತಿಯಿಂದ ಸ್ವಲ್ಪ ಮರ್ಯಾದೆ ಕೇಳುವ ಹಾಡು ಅದು. 1967ರಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಹಾಡಿದರು. ಈಗ ಮರ್ಯಾದೆ ಕೇಳುತ್ತಿರುವವಳು ಹೆಂಗಸು, ಅಷ್ಟಕ್ಕೇ ಹಾಡೇ ತಿರುಗಿ ನಿಂತಿತು. ಒಂದೊಂದೇ ಅಕ್ಷರ ಬಿಡಿಸಿ ಆರ್-ಇ-ಎಸ್-ಪಿ-ಇ-ಸಿ-ಟಿ ಅಂತ ಹೇಳುವುದು ಓಟಿಸ್ ಹಾಡಿನಲ್ಲಿ ಇರಲೇ ಇಲ್ಲ. ಕಪ್ಪು ಜನರ ಹೋರಾಟ, ಹೆಂಗಸರ ಹೋರಾಟ ಎರಡೂ ಆ ಹಾಡನ್ನು ಎತ್ತಿಕೊಂಡವು. ಓಟಿಸ್ ಅದೇ ವರ್ಷ ವೇದಿಕೆ ಮೇಲೆ, ಒಬ್ಬ ಹುಡುಗಿ ನನ್ನ ಹಾಡನ್ನು ಕಸಿದುಕೊಂಡಳು ಅಂತ ನಗುತ್ತ ಹೇಳಿದ್ದರು. ಆದರೆ ಅಮೆರಿಕದ ರೇಡಿಯೋ ಕೇಂದ್ರಗಳು ಹಾಡು ಬರೆದವರಿಗೆ ದುಡ್ಡು ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ. ಹೆಸರು ಅರೀಥಾಗೆ, ರೇಡಿಯೋ ದುಡ್ಡು ಓಟಿಸ್ ಕಡೆಗೆ.

ಹೀಗಾಗಿ ನನ್ನ ಲೆಕ್ಕ ಇಷ್ಟೇ. ದನಿ ಚೆನ್ನಾಗಿದ್ದ ಮಾತ್ರಕ್ಕೆ ಎರಡನೆಯವರು ಗೆಲ್ಲುವುದಿಲ್ಲ. ಹಾಡಿನಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದನ್ನು ಬದಲು ಮಾಡಿದವರು ಗೆಲ್ಲುತ್ತಾರೆ. ಮುಂದಿನ ಗ್ಯಾದರಿಂಗ್‌ನಲ್ಲಿ ‘ಬರೆದವರು ಡಾಲಿ, ನಾನು ಹಾಡುವುದು ವಿಟ್ನಿ ಧಾಟಿಯಲ್ಲಿ’ ಅಂತ ನೀನೇ ಅನೌನ್ಸ್ ಮಾಡು. ಅದೇ ಜಡ್ಜ್ ಬಂದರೆ ಇನ್ನೂ ಚೆನ್ನ.

ಪ್ರಶ್ನೆ: ಇನ್ನೊಬ್ಬರ ಹಾಡು ಹಾಡಿ ಹೆಸರು ಮಾಡುವುದು ಕಳವಲ್ಲವೇ? ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಇಂಥದ್ದಿಲ್ಲ. (ನಿವೃತ್ತ ಶಿಕ್ಷಕರು, ಗದಗ)

ಸರ್, ನೀವು ಗದಗಿನಲ್ಲಿ ಕೂತು ಹೀಗೆ ಕೇಳಬಹುದೇ? ನಿಮ್ಮ ಜಿಲ್ಲೆಯ ರೋಣದಲ್ಲೇ ಹುಟ್ಟಿದ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಗ್ರಾಮಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ‘ಪಿಯಾ ಬಿನ್ ನಹೀ ಆವತ ಚೈನ್’ ಕೇಳಿದರು. ಝಿಂಝೋಟಿ ರಾಗದ ಠುಮ್ರಿ, ಅಂದರೆ ಲಘು ಶಾಸ್ತ್ರೀಯ ಹಾಡು. ತಲೆ ಕೆಟ್ಟುಹೋಯಿತು. 1933ರಲ್ಲಿ, 11 ವರ್ಷಕ್ಕೇ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಎಲ್ಲೆಲ್ಲೋ ಅಲೆದು ಕೊನೆಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ. ಸವಾಯಿ ಗಂಧರ್ವರು, ಅದೇ ಖಾನ್‌ಸಾಹೇಬರ ಶಿಷ್ಯರು. ಅತ್ತ ಅದೇ ಠುಮ್ರಿಯನ್ನು 1935ರ ‘ದೇವದಾಸ್’ ಹಿಂದಿ ಚಿತ್ರದಲ್ಲಿ ಗಾಯಕ-ನಟ ಸೈಗಲ್ ಹಾಡಿದ್ದರು. ನಮ್ಮಜ್ಜನಿಗೆ ಅದು ಸೈಗಲ್ ಹಾಡು, ನನ್ನ ಸಂಗೀತದ ಮಾಸ್ತರರಿಗೆ ಖಾನ್‌ಸಾಹೇಬರದ್ದು. ಇಬ್ಬರನ್ನೂ ಒಂದೇ ಕಟ್ಟೆ ಮೇಲೆ ಕೂರಿಸಿದ್ದರೆ ಸಂಜೆಯ ಚಹಾ ಆರಿಹೋಗುತ್ತಿತ್ತು.

ಹಿಂದುಸ್ತಾನಿಯ ಖಯಾಲ್ ಗಾಯನದಲ್ಲಿ ಒಂದು ಚೀಜನ್ನು, ಅಂದರೆ ಒಂದು ರಚನೆಯನ್ನು, ಎಷ್ಟು ಜನ ಹಾಡಿಲ್ಲ? ಮೊದಲು ಹಾಡಿದವರು ಯಾರು ಅಂತ ಯಾರೂ ಕೇಳುವುದಿಲ್ಲ, ಯಾರಿಂದ ಕಲಿತಿರಿ ಅಂತ ಕೇಳುತ್ತಾರೆ. ಗುರುವಿನ ಹೆಸರು ಹೇಳುವಾಗ ಗೌರವಕ್ಕೆ ಕಿವಿ ಮುಟ್ಟಿಕೊಳ್ಳುತ್ತಾರೆ. ಆ ಕಿವಿ ಮುಟ್ಟುವುದನ್ನು ಬಿಟ್ಟರೆ ಆಗ ಕಳವು ಅನ್ನಿ, ನಾನೂ ಒಪ್ಪುತ್ತೇನೆ.

ಪ್ರಶ್ನೆ: ನಮ್ಮ ಅಜ್ಜಿ ಹಾಡುತ್ತಿದ್ದ ಶರೀಫರ ಹಾಡಿನ ಧಾಟಿಯೇ ಬೇರೆ, ಈಗ ಎಲ್ಲಾ ಕಡೆ ಕೇಳುವ ಧಾಟಿಯೇ ಬೇರೆ. ಖರೇ ಧಾಟಿ ಯಾವುದು? (ಶಿಗ್ಗಾವಿ, ಹಾವೇರಿ ಜಿಲ್ಲೆ)

ಅಕ್ಕಾವರೆ, ನಿಮ್ಮ ಅಜ್ಜಿಯದ್ದೂ ಖರೇನೇ. ಶಿಶುನಾಳ ಶರೀಫರು 1889ರಲ್ಲೇ ತೀರಿಕೊಂಡರು. ನಮ್ಮ ದೇಶಕ್ಕೆ ಧ್ವನಿಮುದ್ರಣ ಬಂದು ನೆಲೆ ನಿಂತದ್ದು ಅದಾದ ಮೇಲೆ. ಅಂದರೆ ಅವರ ಬಾಯಿಂದ ಕೇಳಿದವರು ಹಾಡಿದರು, ಅವರಿಂದ ಕೇಳಿದವರು ಮತ್ತೆ ಹಾಡಿದರು. ಶಿಶುನಾಳದ ಸುತ್ತ ಹಳ್ಳಿಗಳ ಭಜನಿ ಮೇಳದಲ್ಲಿ ಏಕತಾರಿ, ದಮ್ಮಡಿ, ತಾಳ ಹಿಡಿದು ಊರಿಗೊಂದು ಧಾಟಿ. ಆಮೇಲೆ ಸಿ. ಅಶ್ವಥ್ ಬಂದರು. ಅವರ ಕ್ಯಾಸೆಟ್, ಅದರ ಮೇಲೆ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ, ಎರಡೂ ಸೇರಿ ಬೆಂಗಳೂರು ಮೈಸೂರಿನವರಿಗೂ ಶರೀಫರು ಮನೆಯವರಾದರು. ಅದು ಸಣ್ಣ ಕೆಲಸವಲ್ಲ. 2008ರಲ್ಲಿ ರಘು ದೀಕ್ಷಿತ್ ‘ಗುಡುಗುಡಿಯಾ ಸೇದಿ ನೋಡೋ’ ಹಾಡನ್ನು ಗಿಟಾರಿಗೆ ಕೂರಿಸಿದರು, ಕಾಲೇಜು ಹುಡುಗರಿಗೆ ಶರೀಫರು ಅಲ್ಲಿಂದ ಶುರು.

ಆದರೆ ಒಂದು ತಾಪತ್ರಯ ಕಣ್ಣಾರೆ ಕಂಡೆ. ನಿಮ್ಮ ತಾಲೂಕಿನದ್ದೇ ಒಂದು ಹಳ್ಳಿಯಲ್ಲಿ, ಅಮಾವಾಸ್ಯೆ ರಾತ್ರಿ, ಭಜನಿ ಕೇಳಲು ಕೂತಿದ್ದೆ. ಎಂಬತ್ತರ ಆಸುಪಾಸಿನ ಅಜ್ಜ ಒಬ್ಬರು ‘ಸೋರುತಿಹುದು ಮನೆಯ ಮಾಳಿಗಿ’ ಎತ್ತಿಕೊಂಡರು. ಬಲು ನಿಧಾನ. ಒಂದೊಂದು ಸಾಲಿಗೂ ನಿಂತು, ದಮ್ಮಡಿ ಮೇಲೆ ಬೆರಳು ತಟ್ಟುತ್ತಾ, ನಿಜವಾಗಿಯೂ ಮೇಲ್ಮುದ್ದೆ ಮಾಳಿಗೆಯಿಂದ ಹನಿ ಬಿದ್ದ ಹಾಗೆ. ಮಾಳಿಗೆ ಅಂದರೆ ಈ ದೇಹ ಅಂತ ಯಾರೂ ವಿವರಿಸಬೇಕಾಗಿರಲಿಲ್ಲ, ಅಜ್ಜನನ್ನು ನೋಡಿದರೆ ಸಾಕಿತ್ತು. ಎರಡನೇ ನುಡಿಗೆ ಬಂದಾಗ ಹಿಂದೆ ಕೂತಿದ್ದ ಹುಡುಗನೊಬ್ಬ ‘ಕಾಕಾ, ಟ್ಯೂನ್ ತಪ್ಪೈತ್ರಿ’ ಅಂದ. ಮೊಬೈಲ್ ತೆಗೆದು ಸರಿಯಾದದ್ದನ್ನು ಕೇಳಿಸಲೂ ಹೊರಟ. ಅಜ್ಜ ಸಿಟ್ಟಾಗಲಿಲ್ಲ. ‘ಹಚ್ಚು, ಕೇಳೋಣು’ ಅಂದರು, ಪೂರ್ತಿ ಕೇಳಿದರು, ‘ಚಲೋ ಐತಿ’ ಅಂದರು, ಮತ್ತೆ ತಮ್ಮ ಧಾಟಿಯಲ್ಲೇ ಮೂರನೇ ನುಡಿ ಹಿಡಿದರು.

ನಿಮ್ಮ ಅಜ್ಜಿಯ ಧಾಟಿ ನೆನಪಿದ್ದರೆ ಇವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿಡಿ, ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ‘ಸೋಜುಗಾದ ಸೂಜು ಮಲ್ಲಿಗೆ’ಯ ಕಥೆಯೂ ಇಂಥದ್ದೇ. ಅದು ಮಲೆ ಮಹದೇಶ್ವರನ ಭಕ್ತರ ಹಾಡು. ಅನನ್ಯ ಭಟ್ ಹಾಡಿದ ಮೇಲೆ, 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಚೈತ್ರಾ ಆಚಾರ್ ಹಾಡಿದ ಮೇಲೆ ಹುಬ್ಬಳ್ಳಿ ಆಟೋಗಳಲ್ಲೂ ಕೇಳಿತು. ತಲೆಮಾರುಗಟ್ಟಲೆ ಹಾಡಿಕೊಂಡು ಬಂದವರ ಹೆಸರು ಯಾವ ಪರದೆ ಮೇಲೆ ಬರುತ್ತದೆ ಹೇಳಿ? ಇದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ‘ಮೂಡಲ ಮನೆಯ ಮುತ್ತಿನ ನೀರಿನ’ ಸಿನಿಮಾ ಹಾಡು ಅಂತ ನಮ್ಮ ಮನೆಯವರು, ಪದ್ಯ ಅಂತ ನಾನು. (ಸಪ್ತಾಪುರ, ಧಾರವಾಡ)

ಬೇಂದ್ರೆಯವರಿದ್ದ ಸಾಧನಕೇರಿ ಕೂಗಳತೆಯಲ್ಲಿ ಇಟ್ಟುಕೊಂಡು ಈ ಜಗಳವೇ! ಅವರದೇ ‘ಬೆಳಗು’ ಪದ್ಯ ಅದು. 1967ರ ‘ಬೆಳ್ಳಿ ಮೋಡ’ದಲ್ಲಿ ವಿಜಯಭಾಸ್ಕರ್ ಸಂಗೀತಕ್ಕೆ ಎಸ್. ಜಾನಕಿ ಹಾಡಿದರು. ನೀವು ಗೆದ್ದಿರಿ. ಆದರೆ ಪದ್ಯವನ್ನು ಗುನುಗದೆ ಸುಮ್ನೆ ಓದಿ ನೋಡಿ, ಜಾನಕಿಯವರ ದನಿ ಬರುತ್ತದೋ ಇಲ್ಲವೋ. ಬಂದರೆ ಮನೆಯವರಿಗೂ ಅರ್ಧ ಮಾರ್ಕ್ಸ್ ಕೊಡಿ.

ಪ್ರಶ್ನೆ: ಯೂಟ್ಯೂಬಿಗೆ ಕವರ್ ಸಾಂಗ್, ಅಂದರೆ ಬೇರೆಯವರ ಹಾಡನ್ನು ನಾನು ಹಾಡಿದ್ದು, ಹಾಕಬೇಕು. ‘ಕ್ರೆಡಿಟ್ಸ್ ಟು ಓನರ್’ ಅಂತ ಬರೆದರೆ ಸಾಕಾ? (ಹಳೇ ಹುಬ್ಬಳ್ಳಿ)

ಸಾಲದು ತಮ್ಮಾ. ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಅಂತ ಮೂರು ಬೇರೆ ಬೇರೆ ಹಕ್ಕು ಇರುತ್ತವೆ. ಸಿನಿಮಾದ ಟ್ರ್ಯಾಕನ್ನೇ ಹಾಕಿಕೊಂಡು ಅದರ ಮೇಲೆ ಹಾಡಿದರೆ ಮೂರನ್ನೂ ಮುಟ್ಟಿದ ಹಾಗೆ. ನಿನ್ನದೇ ಗಿಟಾರ್ ಬಾರಿಸಿ ಹಾಡಿದರೆ ಮೂರನೆಯದರಿಂದ ಪಾರು, ಮೊದಲ ಎರಡು ಉಳಿದೇ ಇರುತ್ತವೆ. ನಮ್ಮ ಕಾನೂನಿನಲ್ಲಿ ಕವರ್‌ಗೆ ದಾರಿ ಇದೆ, ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮು, 2012ರ ತಿದ್ದುಪಡಿಯಲ್ಲಿ ಬಂದದ್ದು. ಮೂಲ ಧ್ವನಿಮುದ್ರಣ ಬಂದ ವರ್ಷ ಮುಗಿದು 5 ವರ್ಷ ಆಗಿರಬೇಕು, ಮೊದಲೇ ನೋಟಿಸು ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ಮುಂಗಡ ರಾಯಲ್ಟಿ ಕಟ್ಟಬೇಕು. ನಿನ್ನಂಥವನ ವಿಡಿಯೋಗೆ ಇದು ಹೊಂದುವ ಅಂಗಿಯಲ್ಲ.

ಸುಲಭದ ದಾರಿ ಬೇಕಾ? ನಮ್ಮಲ್ಲಿ ಬರೆದವರು ತೀರಿಕೊಂಡು 60 ವರ್ಷ ಕಳೆದ ಮೇಲೆ ಆ ಹಕ್ಕು ಮುಗಿಯುತ್ತದೆ. ಶರೀಫರು, ಪುರಂದರದಾಸರು, ವಚನಕಾರರು ಎಲ್ಲರೂ ನಿನ್ನವರೇ. ಬೇಂದ್ರೆ 1981ರಲ್ಲಿ ತೀರಿಕೊಂಡರು, ಹಾಗಾಗಿ 2041 ಮುಗಿಯುವ ತನಕ ಕೇಳಿಯೇ ಹಾಡಬೇಕು. ಒಂದು ಎಚ್ಚರ, ಶರೀಫರ ಸಾಹಿತ್ಯ ಬಿಟ್ಟಿ ಅಂತ ಅಶ್ವಥ್ ಅವರ ರಾಗಸಂಯೋಜನೆ ಎತ್ತಿಕೊಂಡರೆ ಅದಕ್ಕೆ ಹಕ್ಕುದಾರರು ಇದ್ದಾರೆ. ಧಾಟಿ ನೀನೇ ಹಾಕು, ಇಲ್ಲಾ ಮೇಲೆ ಪತ್ರ ಬರೆದ ಶಿಗ್ಗಾವಿ ಅಕ್ಕಾವರ ಅಜ್ಜಿ ಧಾಟಿ ಕಲಿ.

ಪ್ರಶ್ನೆ: ಮೂಲ ಹಾಡಿದವರಿಗೆ ಹೊಟ್ಟೆ ಉರಿಯುವುದಿಲ್ಲವೇ? (ರಾಣೇಬೆನ್ನೂರು)

ಉರಿಯದೆ ಏನು. ‘ಹರ್ಟ್’ ಹಾಡನ್ನು ಬರೆದು 1994ರಲ್ಲಿ ಹಾಡಿದ ಅಮೆರಿಕದ ರಾಕ್ ಗಾಯಕ ಟ್ರೆಂಟ್ ರೆಜ್ನರ್ ಆಗ ಇಪ್ಪತ್ತರ ಕೊನೆಯಲ್ಲಿದ್ದ ಯುವಕ. 2002ರಲ್ಲಿ ಅದನ್ನೇ ಎಪ್ಪತ್ತರ ಹಿರಿಯ ಗಾಯಕ ಜಾನಿ ಕ್ಯಾಶ್ ನಡುಗುವ ದನಿಯಲ್ಲಿ ಹಾಡಿದರು, ಮರುವರ್ಷ ತೀರಿಯೂ ಹೋದರು. ಹುಡುಗನ ಬಾಯಲ್ಲಿ ನೋವಾಗಿದ್ದದ್ದು ಮುದುಕನ ಬಾಯಲ್ಲಿ ಜೀವಮಾನದ ಲೆಕ್ಕವಾಯಿತು. ಅದರ ವಿಡಿಯೋ ನೋಡಿದ ರೆಜ್ನರ್, ಹುಡುಗಿ ಕೈಬಿಟ್ಟು ಹೋದ ಹಾಗಾಯಿತು, ಆ ಹಾಡು ಇನ್ನು ನನ್ನದಲ್ಲ ಅಂದರು.

ಪ್ರಶ್ನೆ: ಅಪ್ಪನ ಹಳೇ ಕ್ಯಾಸೆಟ್ ಪೆಟ್ಟಿಗೆ ಸಿಕ್ಕಿದೆ. ಮೂಲ ಯಾವುದು, ಬೇರೆಯವರು ಹಾಡಿದ್ದು ಯಾವುದು, ಗುರುತು ಹೇಗೆ? (ಬೆಟಗೇರಿ)

ಚಿತ್ರ ನೋಡಬೇಡಿ, ಸಣ್ಣ ಅಕ್ಷರ ನೋಡಿ. ಈ ಪಾಠಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ. ಪಿಯುಸಿ ಓದುವಾಗ ದುರ್ಗದ ಬೈಲಿನ ಹತ್ತಿರದ ಅಂಗಡಿಯೊಂದರಲ್ಲಿ ರಫಿ ಚಿತ್ರವಿದ್ದ ಕ್ಯಾಸೆಟ್ ಕೊಂಡೆ. ಮನೆಗೆ ಬಂದು ಹಚ್ಚಿದರೆ ದನಿ ರಫಿಯದ್ದಲ್ಲ, ಹಿಂದೆ ಢೋಲಕ್ ಬದಲು ಕೀಬೋರ್ಡ್ ಡ್ರಮ್ಮು ಟಕ್ ಟಕ್ ಅನ್ನುತ್ತಿದೆ. ಕಾಗದ ತಿರುಗಿಸಿದರೆ ಇರುವೆ ಗಾತ್ರದಲ್ಲಿ ‘ಗಾಯಕರು’ ಅಂತ ಬೇರೆ ಹೆಸರು. ವಾಪಸ್ ಕೊಡಲು ಹೋದೆ. ಒಡೆದ ಮಾಲು ತಗೊಳ್ಳಲ್ಲ ಅಂದರು. ಬೇರೆ ಗತಿಯಿಲ್ಲದೆ ಎರಡು ವರ್ಷ ಅದನ್ನೇ ಕೇಳಿದೆ. ಈಗ ನಿಜವಾದ ರಫಿ ಹಾಡು ಕೇಳುವಾಗಲೂ ಕಿವಿ ಆ ಟಕ್ ಟಕ್ ಎಲ್ಲಿ ಅಂತ ಹುಡುಕುತ್ತದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಕ್ಯಾಸೆಟ್ ಇನ್ನೂ ನನ್ನ ಹತ್ತಿರವೇ ಇದೆ, ಟೇಪ್‌ರೆಕಾರ್ಡರಿನ ಬೆಲ್ಟ್ ಹೋಗಿದೆ. ಅವಳಿನಗರದಲ್ಲಿ ಅದನ್ನು ರಿಪೇರಿ ಮಾಡುವವರು ಯಾರಾದರೂ ಉಳಿದಿದ್ದರೆ ದಯವಿಟ್ಟು ತಿಳಿಸಿ, ಈ ಸಲ ಪ್ರಶ್ನೆ ನನ್ನದು.