ಓದುಗರ ಪ್ರಶ್ನೆ: ಊರ ನಡುವಿನ ರಗ್ಬಿ ಕ್ರೀಡಾಂಗಣ

ಪ್ರಶ್ನೆ: ನನ್ನ ಮಗಳು ಉನ್ನತ ವ್ಯಾಸಂಗಕ್ಕೆಂದು ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಹೋಗಿದ್ದು, ರಿವರ್‌ಸೈಡ್ ಎಂಬ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದಾಳೆ. ನದಿಯ ಆಚೆ ದಡದಲ್ಲೇ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ರಗ್ಬಿ ಕ್ರೀಡಾಂಗಣವಿದೆಯಂತೆ. ಇಷ್ಟು ದೊಡ್ಡದನ್ನು ಊರ ಹೊರಗೆ ಕಟ್ಟದೆ ನಟ್ಟನಡುವೆ ಏಕೆ ಕಟ್ಟಿದರು? ಪಂದ್ಯದ ದಿನ ಅಕ್ಕಪಕ್ಕದವರ ಪಾಡೇನು?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ತಾವು ಕೇಳಿರುವುದು ಪ್ರಿನ್ಸಿಪಾಲಿಟಿ ಕ್ರೀಡಾಂಗಣದ ಬಗ್ಗೆ. 1999ರ ರಗ್ಬಿ ವಿಶ್ವಕಪ್ಪಿಗಾಗಿ ಮಿಲೇನಿಯಂ ಸ್ಟೇಡಿಯಂ ಎಂಬ ಹೆಸರಿನಲ್ಲಿ ಅದನ್ನು ಕಟ್ಟಲಾಯಿತು. 2016ರಿಂದ ಪ್ರಾಯೋಜಕರ ಹೆಸರು ಸೇರಿಕೊಂಡಿದೆ. ಆದರೆ ಆಟ ಅಲ್ಲಿಗೆ ಬಂದದ್ದು ಅದಕ್ಕಿಂತ ಬಹಳ ಹಿಂದೆ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಟ್ಯಾಫ್ ನದಿ ಇಂದಿನ ವೆಸ್ಟ್‌ಗೇಟ್ ಸ್ಟ್ರೀಟ್‌ನ ಅಂಚಿನಲ್ಲೇ ಹರಿಯುತ್ತಿತ್ತು. 1850ರ ಸುಮಾರಿಗೆ ರೈಲು ನಿಲ್ದಾಣಕ್ಕೆ ಜಾಗ ಬೇಕಾಗಿ, ಎಂಜಿನಿಯರ್ ಬ್ರುನೆಲ್ ಅವರ ಯೋಜನೆಯಂತೆ ನದಿಯನ್ನೇ ಪಶ್ಚಿಮಕ್ಕೆ ತಿರುಗಿಸಲಾಯಿತು. ಕಾರ್ಡಿಫ್ ಆರ್ಮ್ಸ್ ಎಂಬ ಹೋಟೆಲಿನ ಹಿಂದಿದ್ದ ಜೌಗು ನೆಲ ಕ್ರಮೇಣ ಆಟದ ಮೈದಾನವಾಗಿ, 1884ರಲ್ಲಿ ವೇಲ್ಸ್ ತಂಡ ಐರ್ಲೆಂಡ್ ವಿರುದ್ಧ ಅಲ್ಲಿ ಆಡಿತು. ಹೀಗೆ ರೈಲು ನಿಲ್ದಾಣವೂ ಮೈದಾನವೂ ಕೂಗಳತೆಯ ದೂರದಲ್ಲಿ ಬೆಳೆದುಬಂದವು. ಊರ ನಡುವೆ ಕ್ರೀಡಾಂಗಣ ಇಂದಿಗೂ ಉಳಿದಿರಲು ಇದೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ. ಪ್ರೇಕ್ಷಕರಲ್ಲಿ ದೊಡ್ಡ ಪಾಲು ರೈಲಿನಲ್ಲಿ ಬಂದಿಳಿದು ಕೆಲವೇ ನಿಮಿಷ ನಡೆದು ಗೇಟು ತಲುಪುತ್ತದೆ. ಊರ ಹೊರಗೆ ಕಟ್ಟಿದ್ದರೆ ಅಷ್ಟೂ ಜನರ ಕಾರುಗಳಿಗೆ ಜಾಗ ಹುಡುಕಬೇಕಾಗುತ್ತಿತ್ತು.

ಇನ್ನು ಪಂದ್ಯದ ದಿನದ ವಿಚಾರ. ವೆಸ್ಟ್‌ಗೇಟ್ ಸ್ಟ್ರೀಟ್ ಹಾಗೂ ಸುತ್ತಲಿನ ರಸ್ತೆಗಳಲ್ಲಿ ಗಂಟೆಗಟ್ಟಲೆ ವಾಹನ ಬಿಡುವುದಿಲ್ಲ, ಬಸ್ಸುಗಳ ಮಾರ್ಗ ಬದಲಾಗುತ್ತದೆ, ಆಟ ಮುಗಿದ ಮೇಲೆ ಸೆಂಟ್ರಲ್ ನಿಲ್ದಾಣದ ಮುಂದೆ ಹೋಗಬೇಕಾದ ಊರಿಗೆ ತಕ್ಕಂತೆ ಜನರನ್ನು ಸಾಲುಗಟ್ಟಿಸಿ ಒಳಗೆ ಬಿಡುತ್ತಾರೆ. ದುಗ್ಗಮ್ಮನ ಜಾತ್ರೆಯಲ್ಲಿ ಹಳೇ ದಾವಣಗೆರೆಯ ಬೀದಿಗಳನ್ನು ಕಂಡಿರುವ ತಮಗೆ ಆ ನೂಕುನುಗ್ಗಲನ್ನು ವಿವರಿಸಬೇಕಿಲ್ಲ. ಆದರೆ ನಮ್ಮ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅಲ್ಲಿನದು ವರ್ಷದಲ್ಲಿ ಹಲವು ಸಲ. ವ್ಯಾಪಾರವಾಗುವುದು ಹೋಟೆಲು, ಪಬ್ಬುಗಳಿಗೆ. ಗದ್ದಲ, ಕಸ, ಮುಚ್ಚಿದ ರಸ್ತೆ ಸುತ್ತಲಿನ ಮನೆಯವರಿಗೆ. ಈ ಲೆಕ್ಕ ಸರಿಹೊಂದಿದೆಯೆಂದು ನನಗೆ ಅನ್ನಿಸುವುದಿಲ್ಲ. ಮಗಳು ಪಂದ್ಯಗಳ ಮತ್ತು ಸಂಗೀತ ಕಾರ್ಯಕ್ರಮಗಳ ದಿನಾಂಕವನ್ನು ಮೊದಲೇ ನೋಡಿಟ್ಟುಕೊಂಡು, ಆ ದಿನ ಊರಿಗೆ ಹೋಗಿಬರುವ ರೈಲು ಪ್ರಯಾಣವನ್ನು ಇಟ್ಟುಕೊಳ್ಳದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ರಿವರ್‌ಸೈಡ್‌ನಲ್ಲಿ ಏಷ್ಯಾ ಮೂಲದ ಕುಟುಂಬಗಳು ಬಹಳ ಹಿಂದಿನಿಂದ ನೆಲೆಸಿವೆ. ಬೇಳೆ, ಮಸಾಲೆಗಾಗಿ ನದಿ ದಾಟುವ ಅಗತ್ಯವೂ ಬೀಳಲಾರದು. ಭಾನುವಾರ ಫಿಟ್ಜ್‌ಹ್ಯಾಮನ್ ಎಂಬ್ಯಾಂಕ್‌ಮೆಂಟ್‌ನಲ್ಲಿ ರೈತರ ಸಂತೆ ಸೇರುತ್ತದೆ. ಅಲ್ಲಿ ನಿಂತರೆ ಎದುರು ದಡದಲ್ಲಿ, ಕ್ರೀಡಾಂಗಣದ ನಾಲ್ಕು ಮೂಲೆಗಳಿಂದ ಹೊರಕ್ಕೆ ವಾಲಿಕೊಂಡು 90 ಮೀಟರ್ ಎತ್ತರಕ್ಕೆ ಏರಿರುವ ಬಿಳಿಯ ಉಕ್ಕಿನ ಕಂಬಗಳು ಕಾಣುತ್ತವೆ.

ಪ್ರಶ್ನೆ: ರಗ್ಬಿಯನ್ನು ಮಳೆಯಲ್ಲೂ ಆಡುತ್ತಾರೆ. ಹಾಗಿರುವಾಗ ಕಾರ್ಡಿಫ್ ಕ್ರೀಡಾಂಗಣಕ್ಕೆ ತೆರೆದು ಮುಚ್ಚುವ ಚಾವಣಿ ಏತಕ್ಕೆ? ಚಿತ್ರಗಳಲ್ಲಿ ಅದರ ಒಂದು ತುದಿ ತಗ್ಗಾಗಿ ಕಾಣುವುದೇಕೆ?
– ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು, ಚಿತ್ರದುರ್ಗ

ಉತ್ತರ: ಚಾವಣಿಯಿಂದಾಗಿ ಸಂಗೀತ ಕಾರ್ಯಕ್ರಮ, ಬಾಕ್ಸಿಂಗ್ ಮುಂತಾದವುಗಳನ್ನೂ ನಡೆಸಿ ಹಣ ಗಳಿಸಬಹುದು. ಪೂರ್ತಿ ಮುಚ್ಚಲು ಸುಮಾರು 20 ನಿಮಿಷ ಸಾಕು.

ತಗ್ಗಾದ ತುದಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಹೊಸ ಕ್ರೀಡಾಂಗಣ ಕಟ್ಟುವಾಗ ಮೈದಾನದ ದಿಕ್ಕನ್ನೇ 90 ಡಿಗ್ರಿ ತಿರುಗಿಸಿದರು. ಉತ್ತರಕ್ಕೆ ಅಂಟಿಕೊಂಡಂತೆ ಕಾರ್ಡಿಫ್ ಕ್ಲಬ್ಬಿನ ಆರ್ಮ್ಸ್ ಪಾರ್ಕ್ ಮೈದಾನವಿದೆ. ಅದರ ಜಾಗದ ವಿಷಯದಲ್ಲಿ ಒಪ್ಪಂದ ಕುದುರಲಿಲ್ಲ. ಹೀಗಾಗಿ ಮೂರು ಕಡೆ ಮೇಲಂತಸ್ತು ಪೂರ್ತಿಯಾಗಿ ಎದ್ದರೂ ಉತ್ತರದಲ್ಲಿ ಹಳೆಯ ಕ್ರೀಡಾಂಗಣದ ಕಾಂಕ್ರೀಟ್ ಭಾಗವನ್ನೇ ಉಳಿಸಿಕೊಂಡು ಕೆಲಸ ಮುಗಿಸಬೇಕಾಯಿತು. ಆಗ ವೇಲ್ಸ್ ರಗ್ಬಿ ಒಕ್ಕೂಟದ ಮುಂದಾಳಾಗಿದ್ದ ಗ್ಲಾನ್ಮೋರ್ ಗ್ರಿಫಿತ್ಸ್ ಅವರ ಹೆಸರಿನಲ್ಲಿ ಜನ ಅದನ್ನು ‘ಗ್ಲಾನ್ಮೋರ್ಸ್ ಗ್ಯಾಪ್’ ಎಂದು ಕರೆಯುತ್ತಾರೆ. ಪಕ್ಕದ ಹಿಡುವಳಿದಾರ ಒಪ್ಪದೆ ಕಟ್ಟಡದ ಮೂಲೆ ಮೊಟಕಾಗುವುದು ನಮ್ಮಲ್ಲಿ ಮಾತ್ರವಲ್ಲವೆಂದು ತಿಳಿದು ಕೆಲವರಿಗಾದರೂ ಸಮಾಧಾನವಾದೀತು!

ಪ್ರಶ್ನೆ: ಅಲ್ಲಿ ಕ್ರಿಕೆಟ್ ಆಡುವುದಿಲ್ಲವೇ?
– ವಿದ್ಯಾರ್ಥಿಯೊಬ್ಬ, ಹರಿಹರ

ಉತ್ತರ: ಹಿಂದೆ ಆರ್ಮ್ಸ್ ಪಾರ್ಕ್‌ನ ಉತ್ತರ ಭಾಗದಲ್ಲಿ ಗ್ಲಾಮೋರ್ಗನ್ ಕೌಂಟಿ ತಂಡ ಆಡುತ್ತಿತ್ತು. 1966ರ ಋತು ಮುಗಿದ ಮೇಲೆ ಆ ತಂಡ ಅದೇ ನದಿಯಗುಂಟ ಸ್ವಲ್ಪ ಮೇಲಕ್ಕಿರುವ ಸೋಫಿಯಾ ಗಾರ್ಡನ್ಸ್‌ಗೆ ಸ್ಥಳಾಂತರಗೊಂಡಿತು. 2013ರ ಚಾಂಪಿಯನ್ಸ್ ಟ್ರೋಫಿಯ ಮೊದಲ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಶಿಖರ್ ಧವನ್ 114 ರನ್ ಹೊಡೆದದ್ದು ಅಲ್ಲಿಯೇ.