ಮೈದಾನದ ಮಾತು: ಎಡತುದಿಯ ಝಗಾಲೊ

ಕಳೆದ ಸಂಚಿಕೆಯಲ್ಲಿ ಬ್ರೆಜಿಲ್ ಫುಟ್‌ಬಾಲ್‌ನ ಮಾರಿಯೊ ಝಗಾಲೊ (1931–2024) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಟಗಾರನಾಗಿ 1958 ಮತ್ತು 1962ರ ವಿಶ್ವಕಪ್, ಕೋಚ್ ಆಗಿ 1970ರದ್ದು, ಕೋಚ್ ಪರೇರಾ ಜೊತೆಗಿನ ಸಂಯೋಜಕನಾಗಿ 1994ರದ್ದು ಗೆದ್ದವರು ಎಂದು. ಬಂದ ಪತ್ರಗಳಲ್ಲಿ ಜಗಳಕ್ಕೆ ನಿಂತವೇ ಹೆಚ್ಚು. ಸಂತೋಷ.

ಪ್ರ: 1970ರ ತಂಡ ಕಟ್ಟಿದ್ದು ಜೊವಾವ್ ಸಾಲ್ಡಾನಾ. ಪೆಲೆ, ಟೊಸ್ಟಾವ್, ಜೈರ್ಜಿನೊ ಇದ್ದ ತಂಡವನ್ನು ಯಾರು ಬೇಕಾದರೂ ಗೆಲ್ಲಿಸುತ್ತಿದ್ದರು. ಮಾಡಿಟ್ಟ ಅಡುಗೆ ಬಡಿಸಲು ಬಂದವರನ್ನು ಬಾಣಸಿಗ ಅನ್ನಬೇಕೆ? — ಓದುಗರು, ಶಿವಮೊಗ್ಗ

ಉ: ಅಡುಗೆ ಅರ್ಧ ಆಗಿತ್ತು, ಒಪ್ಪಿದೆ. ಝಗಾಲೊಗೆ ಮೊದಲು ಕೋಚ್ ಆಗಿದ್ದ ಸಾಲ್ಡಾನಾ ಪತ್ರಕರ್ತರು, ಕಮ್ಯುನಿಸ್ಟರು, ಬಾಯಿ ತೆರೆದರೆ ಕಿಡಿ. ಅವರ ಕೈಯಲ್ಲಿ ಬ್ರೆಜಿಲ್ ಅರ್ಹತಾ ಸುತ್ತಿನ ಆರಕ್ಕೆ ಆರೂ ಪಂದ್ಯ ಗೆದ್ದಿತ್ತು. 23 ಗೋಲು ಹೊಡೆದು ಎರಡನ್ನಷ್ಟೇ ಬಿಟ್ಟುಕೊಟ್ಟಿತ್ತು. ಆದರೆ 1970ರ ಮಾರ್ಚ್‌ನಲ್ಲಿ ಅವರನ್ನು ತೆಗೆದುಹಾಕುವ ಹೊತ್ತಿಗೆ ಅದೇ ಒಲೆಗೆ ನೀರು ಬಿದ್ದಿತ್ತು. ಪೆಲೆಯ ಕಣ್ಣಿನ ದೃಷ್ಟಿಯ ಬಗ್ಗೆಯೇ ತಕರಾರು ಎದ್ದಿತ್ತು. ಸೇನಾಡಳಿತದ ಅಧ್ಯಕ್ಷ ಮೆಡಿಸಿಗೆ ಡಾರಿಯೊ ಎಂಬ ಸ್ಟ್ರೈಕರ್ ತಂಡದಲ್ಲಿರಬೇಕು ಎಂಬ ಆಸೆಯಿದೆ ಅನ್ನುವ ಮಾತು ಬೇರೆ. ವಿಶ್ವಕಪ್‌ಗೆ ಮೂರು ತಿಂಗಳೂ ಉಳಿದಿರಲಿಲ್ಲ. ಬೊಟಾಫೊಗೊ ಕ್ಲಬ್‌ನಲ್ಲಿ ಕೋಚ್ ಆಗಿದ್ದ ಝಗಾಲೊ ಬಂದರು. ಆಗ ಅವರಿಗೆ 38 ವರ್ಷ.

ಡಾರಿಯೊನನ್ನು ತಂಡಕ್ಕೆ ಸೇರಿಸಿಕೊಂಡರು, ವಿಶ್ವಕಪ್ ನಡೆದ ಮೆಕ್ಸಿಕೊಗೂ ಕರೆದೊಯ್ದರು. ಒಂದು ನಿಮಿಷವೂ ಆಡಿಸಲಿಲ್ಲ. ಸರ್ಕಾರಿ ನೌಕರಿ ಮಾಡಿದವರಿಗೆ ಈ ಜಾಣತನ ಬಿಡಿಸಿ ಹೇಳಬೇಕಿಲ್ಲ.

ನಿಜವಾದ ಕೆಲಸ ಬೇರೆಡೆ ನಡೆಯಿತು. ಮಿಡ್‌ಫೀಲ್ಡರ್ ಪಿಯಾಜಾರನ್ನು ಹಿಂದಕ್ಕೆ ತಂದು ಡಿಫೆನ್ಸ್ ನಡುವೆ ನಿಲ್ಲಿಸಿದರು. ಪೆಲೆ, ಟೊಸ್ಟಾವ್ ಒಟ್ಟಿಗೆ ಆಡಲಾರರು ಎಂಬ ವಾದವನ್ನು ಪಕ್ಕಕ್ಕಿಟ್ಟರು. ಮತ್ತು ಎಡತುದಿ. ಅರ್ಹತಾ ಸುತ್ತಿನಲ್ಲಿ ಅಲ್ಲಿ ಆಡಿದ್ದು ಸಾಂಟೋಸ್‌ನ ಎಡು, ಅಪ್ಪಟ ವಿಂಗರ್. ಅವರ ಜಾಗಕ್ಕೆ ಝಗಾಲೊ ತಂದದ್ದು ರಿವೆಲಿನೊ ಅವರನ್ನು, ಕೊರಿಂಥಿಯನ್ಸ್‌ನ ಮಿಡ್‌ಫೀಲ್ಡರ್.

ಕಚೇರಿ ತಂಡದಲ್ಲಿ ಲೆಫ್ಟ್ ಔಟ್ ಆಡಿದವನು ನಾನು. ಚೆಂಡು ಸಿಕ್ಕಾಗ ಗೆರೆ ಹಿಡಿದು ಓಡುವುದು ಸುಖ, ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುವುದು ಶಿಕ್ಷೆ. ಗ್ಯಾಲರಿಯಲ್ಲಿ ಕೂತವರಿಗೆ ಮೊದಲನೆಯದೇ ಕಾಣುವುದು. 1958ರಲ್ಲಿ ಸ್ವೀಡನ್‌ಗೆ ಹೋದ ಬ್ರೆಜಿಲ್ ತಂಡದ್ದು 4-2-4 ಆಟ (ನಾಲ್ವರು ಡಿಫೆಂಡರ್, ಇಬ್ಬರು ಮಿಡ್‌ಫೀಲ್ಡರ್, ನಾಲ್ವರು ಫಾರ್ವರ್ಡ್) ಅಂತ ಪುಸ್ತಕಗಳು ಹೇಳುತ್ತವೆ. ನಾಲ್ಕನೆಯ ಫಾರ್ವರ್ಡ್ ಆಗಿದ್ದ ಝಗಾಲೊ ಚೆಂಡು ಹೋದ ತಕ್ಷಣ ಮಿಡ್‌ಫೀಲ್ಡರ್‌ಗಳಾದ ಡಿಡಿ, ಝಿಟೊ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ಆಟ 4-3-3 ಆಗುತ್ತಿತ್ತು. ಇನ್ನೊಂದು ತುದಿಯಲ್ಲಿ ಗರಿಂಚಾ ಮನಸ್ಸಿಗೆ ಬಂದಂತೆ ಆಡಲು ಸಾಧ್ಯವಾದದ್ದು ಇವರ ಈ ಓಟದಿಂದ. ಜನ ಅವರಿಗೆ ‘ಪುಟ್ಟ ಇರುವೆ’ ಅಂತ ಅಡ್ಡಹೆಸರಿಟ್ಟರು. ಹನ್ನೆರಡು ವರ್ಷದ ಮೇಲೆ ರಿವೆಲಿನೊಗೆ ಅವರು ಕೊಟ್ಟಿದ್ದು ತಾವೇ ಆಡಿದ ಜಾಗ. ಇದು ಸಾಲ್ಡಾನಾ ಮಾಡಿಟ್ಟ ಅಡುಗೆಯಲ್ಲಿ ಇರಲಿಲ್ಲ, ಸ್ವಾಮಿ.

1970ರ ಫೈನಲ್‌ನ ನಾಲ್ಕನೆಯ ಗೋಲು ನೋಡಿ. ಇಟಲಿಯ ಫಾಕೆಟ್ಟಿ ಜೈರ್ಜಿನೊ ಬೆನ್ನು ಬಿಡುವವರಲ್ಲ. ಹಾಗಾಗಿ ಜೈರ್ಜಿನೊ ತಮ್ಮ ಬಲತುದಿ ಬಿಟ್ಟು ಎಡಕ್ಕೆ ಬಂದರು, ಫಾಕೆಟ್ಟಿಯೂ ಹಿಂದೆಯೇ ಬಂದರು. ಬಲಬದಿ ಪೂರ್ತಿ ಬಯಲು. ಪೆಲೆ ಚೆಂಡು ಹಿಡಿದು, ತಿರುಗಿಯೂ ನೋಡದವರ ಹಾಗೆ ಆ ಬಯಲಿಗೆ ಉರುಳಿಸಿದರು. ಓಡಿ ಬಂದ ನಾಯಕ ಕಾರ್ಲೊಸ್ ಅಲ್ಬರ್ಟೊ ಬಾರಿಸಿದರು. 4-1. ಆ ದಾರಿ ತೆರೆದದ್ದು ಅದೃಷ್ಟವಲ್ಲ, ಮೊದಲೇ ಆಡಿಕೊಂಡಿದ್ದ ಉಪಾಯ.

(ಆ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದ ಪೆರು ತಂಡದ ಕೋಚ್ ಯಾರು ಗೊತ್ತೆ? ಅದೇ ಡಿಡಿ. ಹಳೆಯ ಗೆಳೆಯರ ಆ ಪಂದ್ಯ 4-2.)

ಪ್ರ: ಕುವೈತ್‌ನಲ್ಲಿ ಅಂಗಡಿ ನಡೆಸಿದವನು ನಾನು. ಅಲ್ಲಿನ ಹಿರಿಯರು ಝಗಾಲೊ ನಮ್ಮವರು ಅನ್ನುತ್ತಿದ್ದರು. ನಿಜವೆ? — ಓದುಗರು, ಭಟ್ಕಳ

ಉ: ನಿಜ. 1976ರಲ್ಲಿ ಕುವೈತ್‌ಗೆ ಕೋಚ್ ಆಗಿ ಹೋದರು, ಅದೇ ವರ್ಷ ತಂಡ ಏಷ್ಯನ್ ಕಪ್ ಫೈನಲ್ ತಲುಪಿ ಇರಾನ್‌ಗೆ ಸೋತಿತು. ಜೊತೆಗಿದ್ದ ಸಹಾಯಕ ಕಾರ್ಲೊಸ್ ಆಲ್ಬರ್ಟೊ ಪರೇರಾ ಅಲ್ಲೇ ಉಳಿದು 1982ರಲ್ಲಿ ಕುವೈತ್‌ ತಂಡವನ್ನು ವಿಶ್ವಕಪ್‌ಗೆ ಕರೆದೊಯ್ದರು. ಝಗಾಲೊ ಆಮೇಲೆ ಸೌದಿಯಲ್ಲೂ ಇದ್ದರು. ಯುಎಇ ತಂಡವನ್ನು 1990ರ ವಿಶ್ವಕಪ್‌ಗೆ ಅರ್ಹಗೊಳಿಸಿದ್ದೂ ಅವರೇ. ಟೂರ್ನಿಗೆ ಮೊದಲೇ ಕೆಲಸ ಹೋಯಿತು, ವಿಶ್ವಕಪ್ ನಡೆದ ಇಟಲಿಯಲ್ಲಿ ಕೋಚ್ ಆಗಿ ಬೆಂಚಿನ ಮೇಲೆ ಕೂತದ್ದು ಮತ್ತೆ ಪರೇರಾ. ಗಲ್ಫ್ ಕೆಲಸದ ಈ ರೀತಿ ನಿಮಗೆ ಹೊಸದಲ್ಲ.

ಪ್ರ: ಝಗಾಲೊಗೆ 13 ಎಂಬ ಅಂಕಿಯ ಹುಚ್ಚು ಯಾಕೆ? ಸಂಖ್ಯಾಶಾಸ್ತ್ರ ನಂಬುತ್ತಿದ್ದರೆ? — ಓದುಗರು, ದಾವಣಗೆರೆ

ಉ: ಹೆಂಡತಿಯ ಕಡೆಯಿಂದ ಬಂದದ್ದು. ಆಕೆ ಸಂತ ಅಂತೋಣಿಯ ಭಕ್ತೆ, ಸಂತರ ಹಬ್ಬ ಜೂನ್ 13. ಮದುವೆಯೂ 1955ರ ಜನವರಿ 13ರಂದು. 58ರ ಅಂಕಿ ಕೂಡಿಸಿದರೆ 13, 94 ಕೂಡಿಸಿದರೂ 13 ಎಂದು ಲೆಕ್ಕ ಒಪ್ಪಿಸುತ್ತಿದ್ದರು. 70 ಕೂಡಿಸಿ, ಏಳೇ ಬರುತ್ತದೆ. ಅವರ ಅತಿ ದೊಡ್ಡ ಗೆಲುವಿಗೆ ಲೆಕ್ಕ ಕೂಡಿಬರಲಿಲ್ಲ.

ಪ್ರ: 1998ರ ವಿಶ್ವಕಪ್ ಫೈನಲ್‌ಗೆ ಕಾಯಿಲೆ ಬಿದ್ದ ರೊನಾಲ್ಡೊನನ್ನು ಇಳಿಸಿದ್ದು ಅಪರಾಧವಲ್ಲವೆ? — ಓದುಗರು, ಮೈಸೂರು

ಉ: ಆ ದಿನ ಮಧ್ಯಾಹ್ನ ಹೋಟೆಲ್ ಕೋಣೆಯಲ್ಲಿ ರೊನಾಲ್ಡೊಗೆ ಫಿಟ್ಸ್ ಬಂದಂತಾಯಿತು. ಆಸ್ಪತ್ರೆಗೆ ಕಳಿಸಿ, ಆಗ ಮತ್ತೆ ಬ್ರೆಜಿಲ್ ಕೋಚ್ ಆಗಿದ್ದ ಝಗಾಲೊ ಆಟಗಾರರ ಪಟ್ಟಿಯಲ್ಲಿ ಎಡ್ಮುಂಡೊ ಹೆಸರು ಬರೆದರು. ಪಟ್ಟಿ ಹೊರಗೂ ಬಂತು. ಪಂದ್ಯಕ್ಕೆ ಒಂದು ಗಂಟೆಯೂ ಇಲ್ಲದಾಗ ಹುಡುಗ ಕ್ರೀಡಾಂಗಣಕ್ಕೆ ಬಂದು, ಪರೀಕ್ಷೆಯಲ್ಲಿ ಏನೂ ಕಂಡಿಲ್ಲ, ನಾನು ಆಡುತ್ತೇನೆ ಎಂದ. ಪಟ್ಟಿ ಬದಲಾಯಿತು. ಫ್ರಾನ್ಸ್ 3-0.

ಆಮೇಲೆ ಬ್ರೆಜಿಲ್ ಸಂಸತ್ತಿನ ವಿಚಾರಣಾ ಸಮಿತಿ ಇಬ್ಬರನ್ನೂ ಕರೆಸಿ ಕೇಳಿತು. ಜಗತ್ತಿನ ಅತ್ಯುತ್ತಮ ಆಟಗಾರ ಎದುರು ನಿಂತು ಆಡುತ್ತೇನೆ ಅಂದಾಗ ಬೇಡ ಅನ್ನುವುದು ಕಷ್ಟವೇ. ಆದರೂ ನನ್ನ ತೀರ್ಪು ಅವರ ವಿರುದ್ಧ. 21 ವರ್ಷದ ಹುಡುಗ ಏನು ಬೇಕಾದರೂ ಹೇಳುತ್ತಾನೆ. ಬೇಡ ಅನ್ನುವುದಕ್ಕೇ ಕೋಚ್‌ಗೆ ಸಂಬಳ. ಹಿಂದಿನ ವರ್ಷ ಲಾ ಪಾಜ್‌ನಲ್ಲಿ ಕೋಪಾ ಅಮೆರಿಕ ಗೆದ್ದು, ಟೀಕಾಕಾರರಿಗೆ ಕ್ಯಾಮೆರಾ ಮುಂದೆ ‘ನೀವು ನನ್ನನ್ನು ನುಂಗಿಕೊಳ್ಳಲೇಬೇಕು’ ಎಂದು ಕೂಗಿದ್ದ ಮನುಷ್ಯ ಆ ಸಂಜೆ ಮೆತ್ತಗಾದರು.

ಪ್ರ: ಮಗ ಶಾಲಾ ತಂಡದಲ್ಲಿ ಲೆಫ್ಟ್ ವಿಂಗ್. ಪಿಟಿ ಮೇಷ್ಟ್ರು ಹಿಂದಕ್ಕೂ ಓಡು ಅನ್ನುತ್ತಾರೆಂದು ಮುನಿಸು. ಏನು ಹೇಳಲಿ? — ತಾಯಿ, ಹುಬ್ಬಳ್ಳಿ

ಉ: ಏನೂ ಹೇಳಬೇಡಿ ತಾಯಿ, 1958ರ ಫೈನಲ್ ವಿಡಿಯೊ ಹಾಕಿಕೊಡಿ. ಪೆಲೆಯನ್ನು ಅವನು ತಾನಾಗಿ ನೋಡುತ್ತಾನೆ. 7ನೇ ನಂಬರಿನವರ ಮೇಲೆ ಕಣ್ಣಿಡಲು ಹೇಳಿ. ಗೋಲ್ ಗೆರೆಯ ಬಳಿ ನಿಂತು ಸ್ವೀಡನ್‌ನ ಚೆಂಡನ್ನು ಆಚೆ ಹಾಕುವವರೂ ಅವರೇ, ಬ್ರೆಜಿಲ್‌ನ ನಾಲ್ಕನೆಯ ಗೋಲು ಹೊಡೆಯುವವರೂ ಅವರೇ.