ಕ್ಲಚ್ ಕೇಬಲ್ಲಿನ ನಟ್ ಬಿಗಿ ಮಾಡುವುದು ನಿಲ್ಲಿಸಿ, ಲಿವರ್ ಎಷ್ಟು ಸರಿಯುತ್ತದೆ ನೋಡಿ

ಮಾಷ್ಟ್ರೇ, ಹೊಸ ಕ್ಲಚ್ ಹಾಕಿಸಿದರೂ ಗೇರ್ ಬೀಳುತ್ತಿಲ್ಲ ಅಂತ ಕೇಳಿದ್ದೀರಿ. ಕ್ಲಚ್ ಕೇಬಲ್ಲಿನ ಆ ನಟ್ಟಿಗೆ ಇನ್ನು ಸ್ಪ್ಯಾನರ್ ಹಾಕಬೇಡಿ. ನೀವು ಹಾಕಿದ ಫೋಟೋದಲ್ಲಿ ಕೇಬಲ್ಲಿನ ಥ್ರೆಡ್ ಪೂರ್ತಿ ಮುಗಿದಿದೆ. ಹಳೆ ಆಲ್ಟೋಗೆ ಹೊಸ ಕ್ಲಚ್ ಸೆಟ್ ಹಾಕಿಸಿ ತಂದಿದ್ದೀರಿ. ಇಂಜಿನ್ ಆಫ್ ಇದ್ದರೆ ಎಲ್ಲ ಗೇರೂ ಬೀಳುತ್ತದೆ. ಸ್ಟಾರ್ಟ್ ಮಾಡಿದರೆ ಫಸ್ಟ್ ಬೀಳುವುದಿಲ್ಲ, ರಿವರ್ಸ್ ಕರ್ರ್ ಅನ್ನುತ್ತದೆ. ಪೆಡಲ್ ನೆಲಕ್ಕೆ ತಾಗುವವರೆಗೆ ಒತ್ತಿದರೂ ಅಷ್ಟೇ. ಅಂದರೆ ಗೇರ್‌ಬಾಕ್ಸ್ ಸರಿ ಉಂಟು, ಕ್ಲಚ್ ಬಿಡುತ್ತಿಲ್ಲ, ಪೆಡಲ್ ಒತ್ತಿದರೂ ಇಂಜಿನ್ ಗೇರ್‌ಬಾಕ್ಸಿನಿಂದ ಬೇರೆಯಾಗುತ್ತಿಲ್ಲ. ಹೀಗೇ ಎಳೆದಾಡಿಕೊಂಡು ಓಡಿಸಿದರೆ ಮಾತ್ರ ಗೇರ್ ಬೀಳುವಾಗ ವೇಗ ಹೊಂದಿಸುವ ಒಳಗಿನ ಸಿಂಕ್ರೋ ರಿಂಗುಗಳು ಸವೆದು ಗೇರ್‌ಬಾಕ್ಸೂ ಹೋಗುತ್ತದೆ.

ಮೇಲಿನ ಕಾಮೆಂಟಿನಲ್ಲಿ ಒಬ್ಬರು ನಟ್ಟಿನ ಹಿಂದೆ ಸಣ್ಣ ಪೈಪಿನ ತುಂಡು ತೂರಿಸಿ ಇನ್ನೂ ಎಳೆಯಿರಿ ಅಂದಿದ್ದಾರೆ. ದಯವಿಟ್ಟು ಬೇಡ. ಇದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ, ಆಮೇಲೆ ಗೇರ್‌ಬಾಕ್ಸ್ ಇಳಿಸಬೇಕಾಗಿ ಬರುವುದೂ ಇದರಿಂದಲೇ. ಕೇಬಲ್ ಅತಿಯಾಗಿ ಎಳೆದರೆ ಕ್ಲಚ್ ಬಿಡಿಸಲು ತಳ್ಳುವ ರಿಲೀಸ್ ಬೇರಿಂಗ್ ಯಾವಾಗಲೂ ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗದ) ಬೆರಳುಗಳಿಗೆ ತಾಗಿಕೊಂಡೇ ತಿರುಗುತ್ತದೆ. ಬೇರಿಂಗ್ ಬೇಗ ಕೂಗಲು ಶುರು ಮಾಡುತ್ತದೆ. ಕ್ಲಚ್ ಪೂರ್ತಿ ಹಿಡಿಯದೆ ಜಾರಿ ಹೊಸ ಕ್ಲಚ್ ಪ್ಲೇಟೂ ಸುಡುತ್ತದೆ. ಪೆಡಲಿನಲ್ಲಿ ಮೇಲುಗಡೆ ಸ್ವಲ್ಪ ಸಡಿಲ ಇರಲೇಬೇಕು, ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ.

"ಸ್ವಲ್ಪ ಓಡಿಸಿ, ಸೆಟ್ ಆಗುತ್ತದೆ" ಅಂತ ನಿಮ್ಮ ಮೆಕ್ಯಾನಿಕ್ ಹೇಳಿದ್ದಕ್ಕೂ ಅರ್ಥ ಇಲ್ಲ ಮಾರಾಯ್ರೇ. ಹೊಸ ಪ್ಲೇಟ್ ಓಡಿದ ಮೇಲೆ ಸರಿಯಾಗುವುದು ಹಿಡಿಯುವ ವಿಷಯದಲ್ಲಿ. ಬಿಡುವ ವಿಷಯದಲ್ಲಿ ಅದು ಮೊದಲ ದಿನವೇ ಸರಿ ಇರಬೇಕು.

ಈಗ ಮಾಡಬೇಕಾದ್ದು ಇಷ್ಟು. ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ. ಬಾನೆಟ್ ಎತ್ತಿ ಗೇರ್‌ಬಾಕ್ಸಿನ ಮೇಲೆ ಟಾರ್ಚ್ ಬಿಡಿ, ಏರ್ ಫಿಲ್ಟರಿನ ಪೈಪ್ ಅಡ್ಡ ಬಂದರೆ ಸರಿಸಿ. ಕೇಬಲ್ ತುದಿ ಸಿಕ್ಕಿಸಿರುವ ಲಿವರ್ ಕಾಣುತ್ತದೆ. ಮನೆಯಲ್ಲಿ ಯಾರಾದರೂ ಪೆಡಲನ್ನು ನಿಧಾನ ಪೂರ್ತಿ ಒತ್ತಲಿ. ನೀವು ಮಕ್ಕಳ ಸ್ಟೀಲ್ ಸ್ಕೇಲ್ ಹಿಡಿದು ಲಿವರಿನ ತುದಿ ಎಷ್ಟು ಸರಿಯುತ್ತದೆ ಅಳೆಯಿರಿ, ಬೆರಳು ಮಾತ್ರ ನಡುವೆ ಇಡಬೇಡಿ. ಆಮೇಲೆ ಅದೇ ಮಾಡೆಲಿನ, ಕ್ಲಚ್ ಸರಿ ಇರುವ ಇನ್ನೊಂದು ಗಾಡಿಯಲ್ಲಿ ಇದನ್ನೇ ಮಾಡಿ. ಬದಿಯಡ್ಕ ಪೇಟೆಯಲ್ಲಿ ಆಲ್ಟೋಗೆ ಏನು ಬರಗಾಲ? ಎರಡು ಲೆಕ್ಕವನ್ನೂ ಬರೆದಿಟ್ಟುಕೊಳ್ಳಿ. ನಿಮ್ಮದು ಕಡಿಮೆ ಬಂದರೆ ತೊಂದರೆ ಹೊರಗೆ, ಗೇರ್‌ಬಾಕ್ಸ್ ಇಳಿಸುವುದೇ ಬೇಡ. ಸಮ ಬಂದರೆ ತೊಂದರೆ ಒಳಗೆ. ಇದನ್ನು ನೋಡದೆ ಗೇರ್‌ಬಾಕ್ಸ್ ಇಳಿಸುವವರಿಗೆ ಗಾಡಿ ಕೊಡಬೇಡಿ.

ನಮ್ಮ ಮನೆಯ ಹಳೆ ಮಾರುತಿ 800ರಲ್ಲಿ ಇದೇ ಆಗಿತ್ತು. ಕ್ಲಚ್ ಬದಲಿಸಿದ ವರ್ಕ್‌ಶಾಪಿನವರು ಪುನಃ ಗೇರ್‌ಬಾಕ್ಸ್ ಇಳಿಸಿದರು. ಪ್ಲೇಟ್ ನೋಡಿದರು, ಸರಿ ಉಂಟು ಅಂದರು, ಹಾಗೇ ಏರಿಸಿದರು. ಗೇರ್ ಬೀಳಲಿಲ್ಲ. ಪ್ರೆಶರ್ ಪ್ಲೇಟೇ ಹಾಳು ಅಂತ ಇನ್ನೊಂದು ತರಿಸಿದರು. ಅದಕ್ಕೂ ಬೀಳಲಿಲ್ಲ. ಕೇಬಲ್ ಹೊಸತು ಹಾಕಿದರು, ನಟ್ ಥ್ರೆಡ್ಡಿನ ಕೊನೆಗೆ ಬಂತು. ಕೂಲಿ ಎಲ್ಲ ನಮ್ಮದೇ. ಕೊನೆಗೆ ಮುಳ್ಳೇರಿಯದ ಕಡೆ ಮೊದಲು ಜೀಪು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕರೆತಂದೆವು. ಅವರು ಗಾಡಿಯ ಅಡಿಗೆ ಹೋಗಲೂ ಇಲ್ಲ. ಮೇಲಿಂದ ಬಗ್ಗಿ ನೋಡಿ, "ಲಿವರ್ ಒಂದು ಹಲ್ಲು ತಪ್ಪಿದೆ" ಅಂದರು.

ವಿಷಯ ಹೀಗೆ. ಈ ಗಾಡಿಗಳಲ್ಲಿ ಲಿವರ್ ಕೂರುವುದು ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕಿನ ಶಾಫ್ಟ್ ಮೇಲೆ. ಶಾಫ್ಟ್ ತುದಿಗೆ ಸಣ್ಣ ಸಣ್ಣ ಹಲ್ಲು, ಲಿವರಿನ ತೂತಿಗೂ ಹಲ್ಲು, ಬಿಗಿ ಹಿಡಿಯಲು ಒಂದು ಬೋಲ್ಟ್. ಸರಿಯಾದ ಜಾಗ ತೋರಿಸಲು ಎರಡರ ಮೇಲೂ ಪಂಚ್ ಮಾರ್ಕ್, ಅಂದರೆ ಗುದ್ದಿದ ಚುಕ್ಕಿ ಇರುತ್ತದೆ. ಬಿಚ್ಚಿ ಹಾಕುವಾಗ ಒಂದು ಹಲ್ಲು, ಕೇಬಲ್ ಹಿಡಿದಿರುವ ಬ್ರ್ಯಾಕೆಟ್ ಕಡೆಗೆ ತಪ್ಪಿದರೆ ಸಾಕು. ಕೇಬಲ್ ಸಡಿಲವಾಗುತ್ತದೆ, ಆ ಸಡಿಲ ತೆಗೆಯುವಷ್ಟರಲ್ಲೇ ನಟ್ಟಿನ ಥ್ರೆಡ್ ಮುಗಿಯುತ್ತದೆ. ಪೆಡಲ್ ಒತ್ತಿದಾಗ ಬೇರಿಂಗ್ ಪೂರ್ತಿ ತಳ್ಳುವ ಮೊದಲೇ ಲಿವರ್ ಹೋಗಿ ಕೇಬಲ್ ಬ್ರ್ಯಾಕೆಟ್ಟಿಗೆ ತಾಗುತ್ತದೆ. ನಿಮ್ಮ ಫೋಟೋ ನೋಡಿದರೆ ನನಗೆ ಮೊದಲ ಸಂಶಯ ಇದೇ.

ಪಂಚ್ ಮಾರ್ಕಿಗೆ ತುಕ್ಕು, ಕೆಂಪು ಧೂಳು ಹಿಡಿದಿರುತ್ತದೆ. ಸೀಮೆ ಎಣ್ಣೆ ಇಲ್ಲವೇ ಡೀಸೆಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ತಪ್ಪಿದ್ದರೆ ನಟ್ ಪೂರ್ತಿ ಸಡಿಲಿಸಿ ಕೇಬಲ್ ಕಳಚಿ. ಆಮೇಲೆ ಲಿವರಿನ ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ. ಬರೀ ಸಡಿಲಿಸಿ ಸುತ್ತಿಗೆಯಲ್ಲಿ ಹೊಡೆದರೆ ಹಲ್ಲು ಹೋಗುತ್ತದೆ. ಕೂರಿಸುವ ಮೊದಲು ಲಿವರನ್ನು ಕೈಯಲ್ಲೇ ಆಡಿಸಿ ಶಾಫ್ಟ್ ಸಲೀಸು ತಿರುಗುತ್ತದಾ ನೋಡಿ. ನಮ್ಮ ಮಳೆಗೆ ಶಾಫ್ಟಿನ ಬುಷ್ ತುಕ್ಕು ಹಿಡಿದು ಅರ್ಧದಲ್ಲಿ ನಿಲ್ಲುವುದುಂಟು. ಒಂದು ಮಾತು, ಕ್ಲಚ್ ಬದಲಿಸುವಾಗ ಲಿವರ್ ಬಿಚ್ಚಲೇಬೇಕು ಅಂತ ಇಲ್ಲ. ಬಿಚ್ಚಿಲ್ಲ ಅಂತಾದರೆ ಈ ಸಂಶಯ ಅಲ್ಲಿಗೆ ಬಿಡಿ.

ಹೊರಗಿನ ಬೇರೆ ಕಾರಣಗಳೂ ಉಂಟು. ಪೆಡಲಿನ ಅಡಿಯ ಮ್ಯಾಟ್ ತೆಗೆದು ನೋಡಿ, ನಗಬೇಡಿ, ದಪ್ಪ ಮ್ಯಾಟ್ ಎರಡು ಹಾಕಿದವರನ್ನು ಕಂಡಿದ್ದೇನೆ. ಕೇಬಲ್ಲಿನ ಹೊರಗವಚ ಎರಡೂ ತುದಿಯಲ್ಲಿ ಸೀಟಿನೊಳಗೆ ಕೂತಿದೆಯಾ? ಪೆಡಲ್ ಒತ್ತುವಾಗ ಬ್ರ್ಯಾಕೆಟ್ ಬಾಗುತ್ತದಾ? ಪೆಡಲಿನ ಬುಷ್ ಸವೆದಿದೆಯಾ? ಇವೆಲ್ಲ ಸಣ್ಣ ಸಣ್ಣ ಕಳ್ಳರು, ಒಟ್ಟು ಸೇರಿದರೆ ಲಿವರಿಗೆ ಸಿಗಬೇಕಾದ ಎಳೆತ ಸಿಗುವುದಿಲ್ಲ.

ಇನ್ನು ಲಿವರ್ ಸರಿಯಾಗಿ ಸರಿಯುತ್ತಿದೆ, ಆದರೂ ಗೇರ್ ಬೀಳುತ್ತಿಲ್ಲ ಅಂತಾದರೆ ಇಳಿಸದೆ ಗತಿ ಇಲ್ಲ. ಇಳಿಸುವಾಗ ನೀವು ಅಲ್ಲೇ ನಿಂತುಕೊಳ್ಳಿ. ಮೊದಲು ನೋಡುವುದು ಪ್ಲೇಟ್ ಉಲ್ಟಾ ಹಾಕಿದ್ದಾರಾ ಅಂತ. ಎಷ್ಟೋ ಪ್ಲೇಟುಗಳ ಮೇಲೆ ಫ್ಲೈವೀಲ್ ಸೈಡ್ (ಇಂಜಿನ್ನಿನ ದೊಡ್ಡ ಚಕ್ರದ ಕಡೆ) ಅಂತ ಬರೆದೇ ಇರುತ್ತದೆ. ಸ್ಪ್ರಿಂಗ್ ಉಬ್ಬಿರುವ ಬದಿ ಸಾಮಾನ್ಯವಾಗಿ ಪ್ರೆಶರ್ ಪ್ಲೇಟ್ ಕಡೆಗೆ. ಉಲ್ಟಾ ಆದರೆ ಹಬ್, ಅಂದರೆ ಪ್ಲೇಟಿನ ನಡುಭಾಗ, ಹೋಗಿ ಫ್ಲೈವೀಲಿನ ಬೋಲ್ಟುಗಳಿಗೆ ತಾಗುತ್ತದೆ, ಎಷ್ಟು ಒತ್ತಿದರೂ ಬಿಡುವುದಿಲ್ಲ. ಹಬ್ಬಿನ ಮೇಲೆ ಹೊಳೆಯುವ ಗೀರು ಕಂಡರೆ ಇದೇ ಕಾರಣ.

ಅದು ಸರಿ ಇದ್ದರೆ ಪ್ಲೇಟ್ ಬಾಗಿರಬಹುದು. ಗೇರ್‌ಬಾಕ್ಸ್ ಏರಿಸುವಾಗ ಅದರ ಶಾಫ್ಟ್ ಪ್ಲೇಟಿನ ಒಳಗೆ ಹೋದ ಕೂಡಲೇ ಜಾಕ್ ತೆಗೆದು, ಚಾ ಕುಡಿಯಲು ಹೋಗುವವರಿದ್ದಾರೆ. ಅಷ್ಟು ಭಾರ ಆ ತೆಳು ಪ್ಲೇಟಿನ ಹಬ್ ಮೇಲೆ ನೇತಾಡುತ್ತದೆ. ಕ್ಲಚ್ ಬಿಟ್ಟಾಗ ಪ್ಲೇಟಿನ ಒಂದೊಂದು ಬದಿಗೆ ಸಿಗುವ ಸಂದು ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. ಅಂಚು ಅಷ್ಟೇ ಬಾಗಿದರೂ ಒಂದು ಕಡೆ ಉಜ್ಜುತ್ತಲೇ ಇರುತ್ತದೆ. ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗೇರ್‌ಬಾಕ್ಸಿನ ಕವಚ) ಕೂತು ಸುತ್ತ ಬೋಲ್ಟ್ ಬೀಳುವವರೆಗೆ ಜಾಕ್ ಕದಲಬಾರದು. ಬೋಲ್ಟ್ ಬಿಗಿ ಮಾಡಿ ಗೇರ್‌ಬಾಕ್ಸನ್ನು ಎಳೆದು ಕೂರಿಸುವುದೂ ತಪ್ಪೇ, ಹೌಸಿಂಗಿನ ಕಿವಿ ಒಡೆಯುತ್ತದೆ.

ಪ್ಲೇಟನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ಕೈಯಲ್ಲೇ ತೂರಿಸಿ ನೋಡಿ. ತನ್ನಷ್ಟಕ್ಕೆ ಜಾರಬೇಕು. ತುಕ್ಕಿದ್ದರೆ ಉಜ್ಜಿ, ಗ್ರೀಸ್ ಬೆರಳಿಗೆ ಅಂಟುವಷ್ಟು ಮಾತ್ರ. ಜಾಸ್ತಿ ಹಾಕಿದರೆ ಅದು ಹಾರಿ ಪ್ಲೇಟಿನ ಹಿಡಿಯುವ ಲೈನಿಂಗಿಗೆ ಬೀಳುತ್ತದೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಹಳೆ ಪ್ಲೇಟ್ ಮೇಲೆ ಹೊಸತನ್ನು ಇಟ್ಟು ಅಗಲ, ಹಬ್ಬಿನ ಎತ್ತರ, ಹಲ್ಲು ಎಲ್ಲ ತಾಳೆ ನೋಡಿ. ಅದಕ್ಕೇ ಹೇಳುವುದು, ಹಳೆ ಸಾಮಾನು ಕೇಳಿ ಮನೆಗೆ ತನ್ನಿ. ನೀವು ತಂದಿದ್ದೀರಾ?

ಕ್ಲಚ್ ಸೆಟ್ ಯಾವ ಬ್ರ್ಯಾಂಡಿನದು ಅಂತ ಕೇಳಿದ್ದೀರಲ್ವಾ? ಎಕ್ಸೆಡಿ, ವ್ಯಾಲಿಯೋ, ಲುಕ್ ಯಾವುದಾದರೂ ಆದೀತು, ಮಾರುತಿಯದೇ ಜೆನ್ಯೂನ್ ಸಿಕ್ಕಿದರೆ ನನಗೆ ಅದೇ ಇಷ್ಟ. ಪೆಟ್ಟಿಗೆಗಿಂತ ಬಿಲ್ ಮುಖ್ಯ. ಬಿಲ್ ಕೊಡದೆ ಅರ್ಧ ರೇಟಿಗೆ ಕೊಡುವ ಸೆಟ್ ಯಾವ ಹೆಸರಿನದ್ದಾದರೂ ಬೇಡ. ಪ್ಲೇಟ್ ಒಂದು ಕಂಪೆನಿ, ಪ್ರೆಶರ್ ಪ್ಲೇಟ್ ಇನ್ನೊಂದು ಅಂತ ಬೆರೆಸಲೂ ಬೇಡಿ. ಉಳಿಯುವ ದುಡ್ಡು ಒಂದು ಸಲದ ಕೂಲಿಗೂ ಸಾಲದು.

ಬಾನೆಟ್ ಎತ್ತಿದಾಗಲೇ ಇನ್ನೊಂದು ನೋಡಿಬಿಡಿ. ಗೇರ್‌ಬಾಕ್ಸಿನಿಂದ ಗಾಡಿಯ ಬಾಡಿಯ ಲೋಹಕ್ಕೆ ಹೋಗುವ ಅರ್ಥ್ ವಯರ್ ಪುನಃ ಹಾಕಿದ್ದಾರಾ? ಇಳಿಸಿ ಏರಿಸುವಾಗ ಮರೆಯುವುದು ಇದನ್ನೇ. ಅದಿಲ್ಲದಿದ್ದರೆ ಸ್ಟಾರ್ಟ್ ಮಾಡುವಾಗ ಕರೆಂಟ್ ಕ್ಲಚ್ ಕೇಬಲ್ಲಿನ ತಂತಿಯಲ್ಲೇ ಹರಿಯುತ್ತದೆ. ಕೇಬಲ್ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ, ಪೆಡಲ್ ಕಲ್ಲಾಗುತ್ತದೆ. ಹೊಸ ಕೇಬಲ್ ಪದೇ ಪದೇ ಹೋಗುತ್ತಿದೆ ಅನ್ನುವವರು ಕೇಬಲ್ ಕಂಪೆನಿಗೆ ಬೈಯುವ ಮೊದಲು ಈ ವಯರ್ ಹುಡುಕಲಿ.

ಕೆಳಗೆ ಜೀಪಿನ ಬಗ್ಗೆ ಕೇಳಿದ ಅಣ್ಣನಿಗೆ: ನಿಮ್ಮದು ಕೇಬಲ್ ಬದಲು ಆಯಿಲ್ ಒತ್ತಡದಲ್ಲಿ ನಡೆಯುವ ಆಯಿಲ್ ಕ್ಲಚ್, ಈ ಕೇಬಲ್ ಪುರಾಣ ನಿಮಗಲ್ಲ. ಲಿವರ್ ಅಳೆಯುವುದು ಮಾತ್ರ ನಿಮಗೂ ಅದೇ. ಪೆಡಲನ್ನು ಎರಡು ಮೂರು ಸಲ ಬೇಗ ಬೇಗ ಒತ್ತಿದಾಗ ಗೇರ್ ಬಿದ್ದರೆ ಆಯಿಲ್ ಲೈನಿನಲ್ಲಿ ಗಾಳಿ ಇರಬಹುದು, ಬ್ಲೀಡ್ ಮಾಡಿಸಿ, ಅಂದರೆ ಗಾಳಿ ಹೊರಗೆ ತೆಗೆಸಿ. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ಡಾಟ್ (DOT) ನಂಬರಿನ ಬ್ರೇಕ್ ಆಯಿಲನ್ನೇ ಹಾಕಿ. ಇಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ಒಳಗಿನ ರಬ್ಬರ್ ಊದಿಕೊಳ್ಳುತ್ತದೆ. ಸೀಲ್ ಒಡೆದು ಶೆಡ್ಡಿನಲ್ಲಿ ಇಟ್ಟ ಹಳೆ ಡಬ್ಬಿಯದ್ದೂ ಬೇಡ, ನಮ್ಮ ಮಳೆಗಾಲದಲ್ಲಿ ಅದು ಗಾಳಿಯ ನೀರನ್ನೆಲ್ಲ ಹೀರಿಕೊಂಡಿರುತ್ತದೆ.